ನಿಂತ ಗಾಡಿಯ ಮಸಿ ಕಳೆಯುವ ಸ್ವರ್ಣಕ್ಕ

ಬೆಳಗಿನ ಐದೂವರೆ. ತುಮಕೂರಿನ ಶಿರಾ ಗೇಟ್‌ನಲ್ಲಿ ಅಂಗಡಿಗಳ ಶಟರ್ ಇನ್ನೂ ಮೇಲೆದ್ದಿಲ್ಲ. ಹಾಲಿನ ವ್ಯಾನೊಂದು ಕ್ರೇಟು ಇಳಿಸಿ ಈಗಷ್ಟೇ ಹೋಗಿದೆ. ಅಶ್ವಥ್ ಎಂಬುವರ ಗ್ಯಾರೇಜಿನ ಮುಂದೆ ಬೂದು ಬಣ್ಣದ ಕಾರೊಂದರ ಬಾನೆಟ್ ತೆರೆದು, ಸಣ್ಣ ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಒಬ್ಬ ಹೆಂಗಸು ಬಗ್ಗಿ ನಿಂತಿದ್ದಾರೆ. ಚೂಡಿದಾರದ ಮೇಲೆ ಗಂಡನ ಹಳೆಯ ಸ್ವೆಟರ್, ತಲೆಗೆ ಸುತ್ತಿದ ವೇಲು. ಎಂಜಿನ್ ಆಯಿಲ್ ನೋಡುವ ಕಡ್ಡಿಯನ್ನು ಎಳೆದು, ಬಟ್ಟೆಯಿಂದ ಒರೆಸಿ, ಮತ್ತೆ ಅದ್ದಿ, ಎತ್ತಿ ನೋಡುತ್ತಾರೆ. ಸರಿಯಾಗಿದೆ. ಮತ್ತೊಮ್ಮೆ ಒರೆಸಿ ಅದ್ದುತ್ತಾರೆ. ಆಮೇಲೆ ಮೂರನೇ ಸಲ.

‘ಒಂದು ಸಲ ನೋಡಿದರೆ ಸಾಕಲ್ಲವಾ?’ ಎಂದು ಕೇಳುತ್ತೇನೆ.

‘ಬೇರೆ ದಿನ ಆಗಿದ್ರೆ ಸಾಕು ಸಾರ್. ಇವತ್ತು ಮನ್ಸು ನೆಟ್ಟಗಿಲ್ಲ’ ಎನ್ನುತ್ತಾರೆ ಸ್ವರ್ಣಲತಾ.

ನಲವತ್ತಾರು ವರ್ಷದ ಸ್ವರ್ಣಲತಾ ಅವರ ಕೆಲಸಕ್ಕೆ ಒಂದು ಹೆಸರಿಲ್ಲ. ಡ್ರೈವರ್ ಅನ್ನೋಣವೆಂದರೆ ಅವರು ಯಾರನ್ನೂ ಎಲ್ಲಿಗೂ ಕರೆದುಕೊಂಡು ಹೋಗುವುದಿಲ್ಲ. ಮೆಕ್ಯಾನಿಕ್ ಅನ್ನೋಣವೆಂದರೆ ಸ್ಪ್ಯಾನರ್ ಮುಟ್ಟುವುದಿಲ್ಲ. ಮನೆ ಮುಂದೆ ಕವರ್ ಹೊದ್ದು ನಿಂತೇ ಇರುವ ಕಾರುಗಳನ್ನು, ಸಂತೆಗೂ ತೋಟಕ್ಕೂ ಮೂವತ್ತರ ವೇಗದಲ್ಲಿ ಹೋಗಿ ಬರುವ ಕಾರುಗಳನ್ನು ತಿಂಗಳಿಗೊಂದು ಸಲ ಹೆದ್ದಾರಿಗೆ ಒಯ್ದು, ಎಂಜಿನ್ ಚೆನ್ನಾಗಿ ಬಿಸಿಯಾಗುವಂತೆ ಎಳೆಸಿ, ಒಳಗೆ ಕಟ್ಟಿದ ಮಸಿ ಸುಟ್ಟುಹೋದ ಮೇಲೆ ವಾಪಸು ತಂದು ನಿಲ್ಲಿಸುವುದು, ಇಷ್ಟೇ ಅವರ ಕೆಲಸ. ಶಿರಾ ಗೇಟ್‌ನಲ್ಲಿ ಕೇಳಿದರೆ ‘ಗಾಡಿ ಓಡಿಸಿ ಕೊಡೋ ಸ್ವರ್ಣಕ್ಕ’ ಎಂದು ಮನೆ ತೋರಿಸುತ್ತಾರೆ.

ಇವತ್ತು ಮನಸ್ಸು ನೆಟ್ಟಗಿಲ್ಲದಿರುವುದಕ್ಕೆ ಕಾರಣವಿದೆ. ಈ ಕಾರು ಮುಗಿಸಿ ಅವರು ನಿಟ್ಟೂರಿಗೆ ಹೋಗಬೇಕು. ಅಲ್ಲಿನ ಪುಟ್ಟರಂಗಯ್ಯನವರ ಮನೆಗೆ. ಆರು ವರ್ಷದ ಹಿಂದೆ ಅದೇ ಮನೆಯ ಕಾರನ್ನು ಓಡಿಸಲು ಒಯ್ದು ಎಂಜಿನ್ ಹಾಳು ಮಾಡಿ ಬಂದವರು ಇವರು. ಅಂದಿನಿಂದ ಆ ಮನೆಯ ಹೊಸ್ತಿಲು ತುಳಿದಿಲ್ಲ. ಮೊನ್ನೆ ಆ ಮನೆಯ ಸೊಸೆ, ಶಾಲಾ ಶಿಕ್ಷಕಿ ಸುಧಾ ಫೋನ್ ಮಾಡಿದ್ದಾರೆ. ಈಗಿರುವ ಡೀಸೆಲ್ ಕಾರಿನಲ್ಲಿ ಮಸಿ ಕಟ್ಟಿದ್ದನ್ನು ತಿಳಿಸುವ ಕಿತ್ತಳೆ ಬಣ್ಣದ ದೀಪ ಹತ್ತಿಕೊಂಡು ಆರುತ್ತಲೇ ಇಲ್ಲ, ಗಾಡಿ ಏರಿನಲ್ಲಿ ಎಳೆಯುತ್ತಿಲ್ಲ, ಬಂದು ಓಡಿಸಿಕೊಡಿ ಎಂದಿದ್ದಾರೆ. ‘ಕರೀತಿರೋದು ನಾನು ಅಕ್ಕ, ಮಾವ ಅಲ್ಲ. ಕೀ ಮಾತ್ರ ಮಾವನ ಹತ್ರಾನೇ ಇರೋದು’ ಎಂದೂ ಸೇರಿಸಿದ್ದಾರೆ.

‘ಕೊಡ್ತಾರೋ ಇಲ್ವೋ ಗೊತ್ತಿಲ್ಲ. ಕೊಡ್ದಿದ್ರೂ ತಪ್ಪಿಲ್ಲ ಬಿಡಿ’ ಎಂದು ಸ್ವರ್ಣಲತಾ ಬಾನೆಟ್ ಹಾಕುತ್ತಾರೆ.

ನಾವು ಶಿರಾ ರಸ್ತೆ ಹಿಡಿಯುತ್ತೇವೆ. ಮೊದಲ ಎಂಟು ಕಿಲೋಮೀಟರ್ ಅವರು ಹೊಸದಾಗಿ ಕಲಿತವರ ಹಾಗೆ ನಿಧಾನಕ್ಕೆ ಓಡಿಸುತ್ತಾರೆ. ತಣ್ಣಗಿರುವ ಎಂಜಿನ್ನನ್ನು ಏಕಾಏಕಿ ಎಳೆಸಬಾರದಂತೆ. ಬಿಸಿಯ ಮುಳ್ಳು ಮಧ್ಯಕ್ಕೆ ಬಂದ ಮೇಲೆ ಒಂದು ಗೇರ್ ಕೆಳಗಿಳಿಸಿ ಆಕ್ಸಿಲರೇಟರ್ ಒತ್ತುತ್ತಾರೆ. ಎಂಜಿನ್ ದನಿ ಏರುತ್ತದೆ. ಹಿಂದಿನ ಗಾಜಿನಲ್ಲಿ ಕಪ್ಪು ಹೊಗೆಯ ದೊಡ್ಡ ಉಂಡೆಯೊಂದು ಕಾಣುತ್ತದೆ. ನಾನು ಸೀಟಿನ ಅಂಚು ಹಿಡಿದುಕೊಂಡು ಸ್ಪೀಡಿನ ಮುಳ್ಳು ನೋಡಿದರೆ ಅದು ಎಪ್ಪತ್ತೆಂಟರಲ್ಲಿದೆ!

‘ಎಲ್ರೂ ಅಲ್ಲೇ ನೋಡೋದು ಸಾರ್. ನೀವು ಪಕ್ಕದ ಮುಳ್ಳು ನೋಡಿ’ ಎಂದು ನಗುತ್ತಾರೆ. ಪಕ್ಕದ್ದು ಎಂಜಿನ್ ಎಷ್ಟು ಸುತ್ತು ತಿರುಗುತ್ತಿದೆ ಎಂದು ಹೇಳುವ ಮುಳ್ಳು. ಅದು ಮೂರು ಸಾವಿರದ ಮೇಲಿದೆ. ‘ನಂಗೆ ಬೇಕಾಗಿರೋದು ಸ್ಪೀಡ್ ಅಲ್ಲ, ಸುತ್ತು. ನೂರಿಪ್ಪತ್ರಲ್ಲಿ ಹೋದ್ರೆ ಪೊಲೀಸ್ನೋರು ಹಿಡೀತಾರೆ, ಮಸಿ ಹೋಗಲ್ಲ. ಎಂಬತ್ರಲ್ಲೇ ಒಂದು ಗೇರ್ ಕಮ್ಮಿ ಇಟ್ಕೊಂಡು ಇಪ್ಪತ್ತು ನಿಮಿಷ ಬಿಡ್ದಂಗೆ ಎಳ್ಸಿದ್ರೆ ಆಯ್ತು.’

ಮಸಿ ಕಟ್ಟುವುದು ಹೇಗೆ ಎಂದರೆ ಅವರು ಹಾಗಲವಾಡಿಯ ತವರಿನ ಒಲೆಯ ಮಾತು ತೆಗೆಯುತ್ತಾರೆ. ‘ಹಸಿ ಸೌದೆ ಇಟ್ಟು ಸಣ್ಣ ಉರಿ ಮಾಡಿದ್ರೆ ಏನಾಗುತ್ತೆ? ಬರೀ ಹೊಗೆ. ಪಾತ್ರೆ ತಳ ಎಲ್ಲ ಕರಿ. ಒಂದ್ಸಲ ಧಗ್ ಅಂತ ಹತ್ತಿದ್ರೆ ಹೊಗೆ ಎಲ್ಲೈತೆ? ಎಂಜಿನ್ನೂ ಅಷ್ಟೇ ಸಾರ್.’

ಇಷ್ಟು ಚೆನ್ನಾಗಿ ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ನನ್ನ ಕಾರೂ ಕೆಡುತ್ತಿರಲಿಲ್ಲ. ನಿಜ ಹೇಳುತ್ತೇನೆ, ನಾನು ಸ್ವರ್ಣಲತಾ ಅವರನ್ನು ಹುಡುಕಿಕೊಂಡು ಹೋದದ್ದು ಲೇಖನಕ್ಕಲ್ಲ. ಕವರ್ ಹಾಕಿ, ಭಾನುವಾರ ಭಾನುವಾರ ಒರೆಸಿ, ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡ ಕಾರು ಕೆಮ್ಮತೊಡಗಿತ್ತು. ಅಶ್ವಥ್ ಬಾನೆಟ್ ಎತ್ತಿ, ಮುಖ ಕಿವುಚಿ, ‘ಏನ್ ಸಾರ್, ಗಾಡೀನ ದನ ಕಟ್ಟಾಕ್ದಂಗೆ ಕಟ್ಟಾಕಿದೀರಾ?’ ಎಂದು ಬೈದು ಇವರ ನಂಬರ್ ಕೊಟ್ಟರು. ನಮ್ಮ ಕಡೆಯವರಿಗೆ ವಾಹನದ ಮೇಲೆ ಪ್ರೀತಿ ಜಾಸ್ತಿ. ಆ ಪ್ರೀತಿಯಲ್ಲಿ ಅದನ್ನು ಓಡಿಸಬೇಕೆಂಬುದೇ ಮರೆತುಹೋಗುತ್ತದೆ.

ಸ್ವರ್ಣಲತಾ ಅವರ ತಂದೆ ಚೌಡಪ್ಪ ಗುಬ್ಬಿ ತಾಲ್ಲೂಕಿನ ಹಾಗಲವಾಡಿಯಲ್ಲಿ ತೆಂಗು, ರಾಗಿ ಬೆಳೆಯುತ್ತಿದ್ದವರು. ಊರಿಗೆ ಬಂದ ಎರಡನೇ ಟ್ರ್ಯಾಕ್ಟರ್ ಅವರದು. ಹದಿನಾಲ್ಕು ವರ್ಷಕ್ಕೇ ಮಗಳು ಅದನ್ನು ಹೊಲದಲ್ಲಿ ಓಡಿಸುತ್ತಿದ್ದಳು. ‘ನಮ್ಮಪ್ಪ ಬೇಡ ಅನ್ಲಿಲ್ಲ. ರೋಡಿಗೆ ಮಾತ್ರ ತರ್ಬೇಡ ಕಣೇ ಅಂತಿದ್ರು. ಸಾಲು ಸೊಟ್ಟ ಆದ್ರೆ ಏನ್ಲೇ ಇದು, ಹಾವು ಹೋದಂಗೈತೆ ಅನ್ನೋರು.’ ಮದುವೆಯಾಗಿ ತುಮಕೂರಿಗೆ ಬಂದ ಮೇಲೆ ಹೆಂಗಸರಿಗೆ ಕಾರು ಕಲಿಸುವ ಡ್ರೈವಿಂಗ್ ಸ್ಕೂಲಿನಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದರು. ಅಲ್ಲಿ ಕಲಿತವರಲ್ಲಿ ಮುಕ್ಕಾಲು ಪಾಲು ಜನ ಲೈಸೆನ್ಸ್ ಬಂದ ಮೇಲೆ ಸ್ಟಿಯರಿಂಗ್ ಮುಟ್ಟುತ್ತಿರಲಿಲ್ಲ. ಅವರ ಗಾಡಿಗಳು ನಿಂತು ನಿಂತು ಅಶ್ವಥ್ ಗ್ಯಾರೇಜಿಗೆ ಬರುತ್ತಿದ್ದವು. ‘ಸ್ವಲ್ಪ ಓಡಿಸ್ಕೊಂಡು ಬನ್ನಿ ಅಕ್ಕ’ ಎಂದು ಅಶ್ವಥ್ ಕೊಟ್ಟ ಮೊದಲ ಕಾರಿನಿಂದ ಈ ಕೆಲಸ ಶುರು. ಅದಕ್ಕೀಗ ಹನ್ನೊಂದು ವರ್ಷ.

ಈಗ ಅವರ ಫೋನಿನಲ್ಲಿ ನಲವತ್ತಮೂರು ಗಾಡಿಗಳ ನಂಬರ್ ಇವೆ. ಬೆಳಗ್ಗೆ ಎರಡು, ಕೆಲವೊಮ್ಮೆ ಮೂರು. ಒಂದೊಂದಕ್ಕೂ ನಲವತ್ತು ಕಿಲೋಮೀಟರಿಗೆ ಕಮ್ಮಿಯಿಲ್ಲ. ಮಂಗಳವಾರ ಕುಣಿಗಲ್ ಕಡೆ. ಅಲ್ಲಿ ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರು ತಮ್ಮ ಕಾರಿನಲ್ಲಿ ತಾವೂ ಕೂರುತ್ತೇನೆಂದು ಹಟ ಹಿಡಿದು, ಮೊದಲ ಸಲ ಕಣ್ಣು ಮುಚ್ಚಿಕೊಂಡು ದೇವರ ನಾಮ ಹೇಳಿದರಂತೆ. ‘ಮೂರನೇ ತಿಂಗ್ಳು ಅವ್ರೇ, ಏನ್ ಸ್ವರ್ಣ, ಇವತ್ತು ಇಷ್ಟೇನಾ, ಇನ್ನೊಂಚೂರು ಒತ್ತು ಅಂದ್ರು!’

ಕಷ್ಟಗಳಿಗೇನೂ ಬರವಿಲ್ಲ. ‘ಹೆಂಗ್ಸು ಗಾಡಿ ಕಿತ್ಕೊಂಡು ಹೋಗ್ತವ್ಳೆ’ ಎಂದು ಮೊಬೈಲ್‌ನಲ್ಲಿ ವಿಡಿಯೊ ಮಾಡಿದವರಿದ್ದಾರೆ. ಹೆಂಗಸು ತಮ್ಮನ್ನು ಓವರ್‌ಟೇಕ್ ಮಾಡಿದಳೆಂದು ಮೈಲುಗಟ್ಟಲೆ ಹಾರ್ನ್ ಹೊಡೆದುಕೊಂಡು ಬೆನ್ನಟ್ಟಿದವರಿದ್ದಾರೆ. ದಿನಕ್ಕೊಂದು ಕಾರಿನಲ್ಲಿ ಬರುತ್ತಾರೆಂದು ಚೆಕ್‌ಪೋಸ್ಟಿನಲ್ಲಿ ಅನುಮಾನಪಟ್ಟು ಒಂದು ಗಂಟೆ ಕೂರಿಸಿದ್ದೂ ಉಂಟು. ಇವನ್ನೆಲ್ಲ ಅವರು ನಗುತ್ತಲೇ ಹೇಳುತ್ತಾರೆ. ನಿಟ್ಟೂರಿನ ಸಂಗತಿ ಹೇಳುವಾಗ ಮಾತ್ರ ನಗುವುದಿಲ್ಲ.

ಬೂದು ಕಾರು ಗ್ಯಾರೇಜಿಗೆ ಮರಳಿಸಿ ನಾವು ರೈಲು ಹತ್ತುತ್ತೇವೆ. ನಿಟ್ಟೂರು ರೈಲು ಹಾದಿಯಲ್ಲೇ ಇರುವ ಊರು. ಕಿಟಕಿ ಪಕ್ಕ ಕೂತು ಅವರು ಹೇಳುತ್ತಾರೆ:

‘ಶುಕ್ರವಾರ ಸಾರ್ ಅವತ್ತು. ಆ ಮನೆ ಯಜಮಾನ್ರು ಗಾಡಿ ತೊಳ್ದು, ಅರಿಶಿನ ಕುಂಕುಮ ಇಟ್ಟು, ಕನಕಾಂಬರದ ಹಾರ ಬಾನೆಟ್ಟಿಗೆ ಅಡ್ಡ ಕಟ್ಟಿದ್ರು. ಈ ಕಡೆ ಕನ್ನಡಿಯಿಂದ ಆ ಕಡೆ ಕನ್ನಡಿಗೆ. ಬಾನೆಟ್ ಎತ್ಬೇಕು ಅಂದ್ರೆ ಹಾರ ಬಿಚ್ಬೇಕು. ಊದುಗಡ್ಡಿ ಹೊಗೆ ಇನ್ನೂ ಆಡ್ತೈತೆ, ಹೆಂಗೆ ಬಿಚ್ಲಿ? ಕೈ ಬರ್ಲಿಲ್ಲ. ಆಯಿಲ್ ನೋಡ್ದೆ ಹಂಗೇ ಹತ್ತಿ ಓಡ್ಸಿಬಿಟ್ಟೆ.’

ಆಯಿಲ್ ಸೋರಿ ತಳ ಕಂಡಿತ್ತು. ಗುಬ್ಬಿ ಹತ್ತಿರ ಕೆಂಪು ದೀಪ ಹತ್ತಿದ್ದನ್ನು ನೋಡಿ ಕಾಲು ತೆಗೆಯುವಷ್ಟರಲ್ಲಿ ಎಂಜಿನ್ ಕಚ್ಚಿಕೊಂಡು ನಿಂತಿತು. ಪುಟ್ಟರಂಗಯ್ಯ ಮಗನ ಬೈಕಿನಲ್ಲಿ ಬಂದು, ಗಾಡಿ ನೋಡಿ, ಇವರ ಮುಖವನ್ನೂ ನೋಡಿ, ‘ಹೋಗು ತಾಯಿ’ ಎಂದರಂತೆ. ಅಷ್ಟೇ. ಒಂದು ಮಾತು ಬಯ್ಯಲಿಲ್ಲ. ರಿಪೇರಿಗೆ ಕೊಡಲು ಹೋದ ದುಡ್ಡನ್ನು ಕಣ್ಣೆತ್ತಿಯೂ ನೋಡಲಿಲ್ಲ.

‘ಬೈದಿದ್ರೆ ಚೆನ್ನಾಗಿತ್ತು ಸಾರ್. ನಾಕು ಬೈದು ಕಳ್ಸಿದ್ರೆ ಹೊಟ್ಟೆ ಹಗುರಾಗೋದು.’

ಸುದ್ದಿ ಊರೂರಿಗೆ ಹಬ್ಬಿತು. ಗುಬ್ಬಿ, ನಿಟ್ಟೂರು ಕಡೆಯವರು ಎರಡು ವರ್ಷ ಇವರಿಗೆ ಗಾಡಿ ಕೊಡಲಿಲ್ಲ. ಹೆಂಗಸರ ಕೈಗೆ ಕೊಟ್ಟರೆ ಹೀಗೇ ಆಗೋದು ಎಂದವರಿಗೆ ಇವರು ಎದುರಾಡಲಿಲ್ಲ. ‘ತಪ್ಪು ನಂದೇ’ ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ಬಂದಿದ್ದಾರೆ. ಗ್ರಾಹಕರು ಒಬ್ಬೊಬ್ಬರಾಗಿ ಮರಳಿದರು. ಪುಟ್ಟರಂಗಯ್ಯ ಆ ಕಾರು ಮಾರಿ ಬೇರೆ ಕೊಂಡರು, ಇವರ ಸುದ್ದಿಗೆ ಬರಲಿಲ್ಲ.

ನಿಟ್ಟೂರಿನ ಮನೆಯ ಜಗಲಿಯ ಮೇಲೆ ಪುಟ್ಟರಂಗಯ್ಯ ಕೂತಿದ್ದಾರೆ. ಎಪ್ಪತ್ತೈದು ದಾಟಿದ ನೀಳ ದೇಹ, ತೊಳೆದ ಬಿಳಿ ಅಂಗಿ. ಎದೆಯ ಜೇಬಿನಿಂದ ಕೀಗೊಂಚಲು ಇಣುಕುತ್ತಿದೆ. ಅಂಗಳದಲ್ಲಿ ಬಿಳಿ ಕಾರು ಎಂಜಿನ್ ಆನ್ ಆಗಿಯೇ ಗುರುಗುಟ್ಟುತ್ತಿದೆ. ಮುಂದೆ ಊದುಗಡ್ಡಿ. ಬಾನೆಟ್ಟಿನ ಮೇಲೆ ಅಡ್ಡಕ್ಕೆ, ಈ ಕನ್ನಡಿಯಿಂದ ಆ ಕನ್ನಡಿಗೆ, ಕನಕಾಂಬರದ ಹಾರ.

ಸ್ವರ್ಣಲತಾ ಗೇಟಿನ ಬಳಿಯೇ ನಿಂತುಬಿಡುತ್ತಾರೆ.

ಸುಧಾ ಕಾಫಿ ತರುತ್ತಾ, ‘ದಿನಾ ಪೂಜೆ ಆದ್ಮೇಲೆ ಕಾಲು ಗಂಟೆ ಹೀಗೆ ಸ್ಟಾರ್ಟ್ ಮಾಡಿ ಇಡ್ತಾರೆ ಅಕ್ಕ. ಗಾಡಿ ಕೆಡಬಾರ್ದು ಅಂತ’ ಎಂದು ಹೇಳುತ್ತಾರೆ. ಅವರ ಗಂಡ ಗುಬ್ಬಿಯ ಬ್ಯಾಂಕಿಗೆ ಬೈಕಿನಲ್ಲಿ ಹೋಗುತ್ತಾರೆ, ಕಾರು ಹೊರಗೆ ಹೋಗುವುದು ಮದುವೆ ಮುಂಜಿಗೆ ಮಾತ್ರ. ನಿಲ್ಲಿಸಿದಲ್ಲೇ ಕಾಲು ಗಂಟೆ, ಅದೇ ಸಣ್ಣ ಉರಿ! ನಾಲ್ಕು ವರ್ಷದಿಂದ, ಒಂದು ದಿನ ತಪ್ಪದೆ. ಕಿತ್ತಳೆ ದೀಪ ಯಾಕೆ ಹತ್ತಿತೆಂದು ಇನ್ನು ಯಾರನ್ನೂ ಕೇಳಬೇಕಾಗಿಲ್ಲ. ಭಕ್ತಿಯಿಂದಲೇ ಹಿರಿಯರು ಆ ಎಂಜಿನ್ನಿಗೆ ಮಸಿ ತುಂಬಿದ್ದಾರೆ.

ಸ್ವರ್ಣಲತಾ ಕಾಫಿ ಮುಟ್ಟುವುದಿಲ್ಲ. ಕಾರಿನ ಬಳಿ ಹೋಗಿ, ಎಂಜಿನ್ ಆಫ್ ಮಾಡಿ, ಕೀ ಅಲ್ಲೇ ಬಿಟ್ಟು ಹೊರಬರುತ್ತಾರೆ. ಜೇಬಿನಲ್ಲಿದ್ದದ್ದು ಎರಡನೇ ಕೀ ಇರಬೇಕು. ಆಯಿಲ್ ಕೆಳಗಿಳಿಯಲೆಂದು ಐದು ನಿಮಿಷ ಕಾಯುತ್ತಾರೆ. ಆಮೇಲೆ ಜಗಲಿಯ ಕಡೆ ತಿರುಗುತ್ತಾರೆ.

‘ಯಜಮಾನ್ರೆ, ಹೂವು ಬಿಚ್ಬೇಕು. ಆಯಿಲ್ ನೋಡ್ದೆ ನಾನು ಗಾಡಿ ತೆಗ್ಯಲ್ಲ. ನೀವು ಬೇಡ ಅಂದ್ರೆ ಹಂಗೇ ರೈಲಿಗೆ ಹೋಗ್ತೀನಿ.’

ಪುಟ್ಟರಂಗಯ್ಯ ಎದ್ದು ನಿಲ್ಲುತ್ತಾರೆ. ಸುಧಾ ಗಾಬರಿಯಿಂದ ನನ್ನ ಮುಖ ನೋಡುತ್ತಾರೆ. ಹಿರಿಯರು ಮೆಟ್ಟಿಲಿಳಿದು ಬಂದು ಎರಡೂ ಕೈ ಜೋಡಿಸಿ ಬೊಗಸೆ ಒಡ್ಡುತ್ತಾರೆ.

‘ಬಿಚ್ಚವ್ವ. ಇಲ್ಲಿ ಕೊಡು’ ಎನ್ನುತ್ತಾರೆ.

ಹಾರವನ್ನು ಬೊಗಸೆಯಲ್ಲಿ ಹಿಡಿದುಕೊಂಡೇ ಪುಟ್ಟರಂಗಯ್ಯ ಬಾನೆಟ್ಟಿನೊಳಗೆ ಬಗ್ಗುತ್ತಾರೆ. ಸ್ವರ್ಣಲತಾ ಕಡ್ಡಿ ಎಲ್ಲಿಂದ ಎಳೆದರು, ಹೇಗೆ ಒರೆಸಿದರು, ಗುರುತು ಎಲ್ಲಿದೆ, ಎಲ್ಲವನ್ನೂ ಬಿಡದೆ ನೋಡುತ್ತಾರೆ. ‘ಎಲ್ಲಿವರ್ಗೂ ಇರ್ಬೇಕು?’ ಎಂದು ಕೇಳುತ್ತಾರೆ. ‘ಈ ಎರಡು ಗೆರೆ ಮಧ್ಯ ಇದ್ರೆ ಸಾಕು ಯಜಮಾನ್ರೆ. ಕೆಳಗೆ ಹೋಗ್ಬಾರ್ದು, ಮೇಲೂ ಬರ್ಬಾರ್ದು.’ ಅವರು ತಲೆಯಾಡಿಸುತ್ತಾರೆ. ಆಯಿಲ್ ಸರಿಯಾಗಿಯೇ ಇದೆ.

ಹಾರವನ್ನು ಸೊಸೆಯ ಕೈಗೆ ಕೊಟ್ಟು ಪುಟ್ಟರಂಗಯ್ಯ ಮುಂದಿನ ಸೀಟಿನಲ್ಲಿ ಕೂರುತ್ತಾರೆ. ನಾನು ಹಿಂದೆ. ಗುಬ್ಬಿ ಕಡೆಗೆ ಹೊರಡುತ್ತೇವೆ. ಹೆದ್ದಾರಿಗೆ ಬಂದು, ಎಂಜಿನ್ ಬಿಸಿಯಾಗಿ, ಗೇರ್ ಇಳಿಸಿ ಒತ್ತಿದಾಗ ಮೊದಮೊದಲು ಗಾಡಿ ಮೇಲೇಳುವುದಿಲ್ಲ, ತಿಣುಕುತ್ತದೆ. ಪುಟ್ಟರಂಗಯ್ಯ ತಲೆ ಮೇಲಿನ ಹಿಡಿ ಬಿಗಿಯಾಗಿ ಹಿಡಿದಿದ್ದಾರೆ. ನಿಧಾನವಾಗಿ ಮುಳ್ಳು ಏರುತ್ತದೆ. ಎರಡೂವರೆ ಸಾವಿರ, ಮೂರು ಸಾವಿರ. ಹಿಂದೆ ಬೈಕಿನವನೊಬ್ಬ ಹೊಗೆ ಕುಡಿದು ಏನೋ ಬಯ್ಯುತ್ತಾನೆ, ಪಾಪ.

‘ಇಷ್ಟು ಕೂಗ್ಬೋದಾ ಇದು?’

‘ಕೂಗ್ಲೇಬೇಕು ಯಜಮಾನ್ರೆ. ನೀವು ದಿನಾ ನಿಂತಲ್ಲೇ ಸ್ಟಾರ್ಟ್ ಮಾಡಿ ಇಡ್ತೀರಲ್ಲ, ಅದು ಬೇಡ. ಬೇಕಾದ್ರೆ ಹೂವು ಇಡಿ, ದೀಪ ಹಚ್ಚಿ, ಎಂಜಿನ್ ಮಾತ್ರ ಹಚ್ಬೇಡಿ.’

ಗುಬ್ಬಿ ದಾಟಿದ ಮೇಲೆ, ಯಾರೂ ಕೇಳದೆ ಪುಟ್ಟರಂಗಯ್ಯ ಇದ್ದಕ್ಕಿದ್ದಂತೆ ಮಾತು ಶುರು ಮಾಡುತ್ತಾರೆ.

‘ಅವತ್ತು ನೀನು ಕೇಳ್ದೆ ಕಣವ್ವ. ಎಣ್ಣೆ ನೋಡಿದೀರಾ ಯಜಮಾನ್ರೆ ಅಂತ. ನೋಡಿವ್ನಿ, ಹೋಗು ಅಂದೆ. ನಾನು ನೋಡಿರ್ಲಿಲ್ಲ. ಆ ಕಡ್ಡಿ ಎಲ್ಲೈತೆ ಅಂತ್ಲೇ ನಂಗೆ ಗೊತ್ತಿರ್ಲಿಲ್ಲ. ಗಾಡಿ ಇಟ್ಕಂಡು ಇಷ್ಟೂ ಗೊತ್ತಿಲ್ವಾ ಅಂತ ಹೆಣ್ಮಗಳು ನಗ್ತಾಳೇನೋ ಅಂತ ನೋಡಿವ್ನಿ ಅಂದ್ಬುಟ್ಟೆ.’

ನಾನು ಬರೆಯುವುದನ್ನು ನಿಲ್ಲಿಸುತ್ತೇನೆ. ರೈಲಿನಲ್ಲಿ ಈ ಮಾತು ಸ್ವರ್ಣಲತಾ ಅವರ ಬಾಯಿಂದ ಬಂದಿರಲಿಲ್ಲ.

‘ಊರೆಲ್ಲ ನಿನ್ನ ಆಡ್ಕಂತು. ನಂಗೆ ಬಾಯಿ ಬರ್ಲಿಲ್ಲ. ನೀನಾದ್ರೂ ಹೇಳ್ತೀಯ, ಮರ್ವಾದೆ ಹೋದ್ರೆ ಹೋಗ್ಲಿ ಅಂತ ಕಾಯ್ತಾ ಇದ್ದೆ. ನೀನೂ ಹೇಳ್ಲಿಲ್ಲ. ಇವ್ಳು ಎದುರಿಗೆ ಬಂದ್ರೆ ಹೆಂಗೆ ಮುಖ ತೋರ್ಸೋದು ಅಂತ ಆರು ವರ್ಷ ತುಮಕೂರಿಗೂ ಸರಿಯಾಗಿ ಹೋಗಿಲ್ಲ ನಾನು.’

ಸ್ವರ್ಣಲತಾ ಕಣ್ಣು ರಸ್ತೆಯಿಂದ ಕದಲುವುದಿಲ್ಲ. ಕೆನ್ನೆ ಒದ್ದೆಯಾಗಿದೆ. ಮುಳ್ಳು ಮಾತ್ರ ಮೂರು ಸಾವಿರದಿಂದ ಕೆಳಗಿಳಿದಿಲ್ಲ.

‘ನೀವು ನೋಡಿವ್ನಿ ಅಂದ್ರೂ ನಾನು ನೋಡ್ಬೇಕಿತ್ತು ಯಜಮಾನ್ರೆ. ಓಡ್ಸೋಳು ನಾನು. ನಿಮ್ಮ ಮೇಲೆ ಹಾಕಿ ಏನು ಮಾಡ್ಲಿ?’

‘ಬುಡವ್ವ. ನಿಂದು ದೊಡ್ಡ ಮನ್ಸು. ತಪ್ಪು ನಂದು ಅಂತ ಸುಧಾಗೂ ಹೇಳ್ತೀನಿ, ಕೇಳಿದೋರ್ಗೆಲ್ಲ ಹೇಳ್ತೀನಿ.’ ಆಮೇಲೆ ನನ್ನ ಕಡೆ ತಿರುಗಿ, ‘ಇದ್ನೂ ಬರ್ಕಳಿ ಸ್ವಾಮಿ. ನನ್ನ ಹೆಸ್ರು ಹಾಕೇ ಬರೀರಿ’ ಎನ್ನುತ್ತಾರೆ.

ಬರೆದಿದ್ದೇನೆ.

ಮುಂದೆ ಒಂದು ಕಡೆ ಗಾಡಿ ತಿರುಗಿಸಿ ನಾವು ಮತ್ತೆ ನಿಟ್ಟೂರಿನ ದಾರಿ ಹಿಡಿಯುತ್ತೇವೆ. ಈಗ ಎಂಜಿನ್ ತಿಣುಕುತ್ತಿಲ್ಲ, ಒತ್ತಿದ ಕೂಡಲೇ ಎದ್ದು ಹೋಗುತ್ತದೆ. ಹಿಂದಿನ ಗಾಜಿನಲ್ಲಿ ಹೊಗೆಯಿಲ್ಲ, ರಸ್ತೆ ಸ್ಪಷ್ಟವಾಗಿ ಕಾಣುತ್ತದೆ. ಗುಬ್ಬಿಯ ಬಳಿ ಕಿತ್ತಳೆ ದೀಪ ತಾನಾಗಿಯೇ ಆರುತ್ತದೆ. ನಾನು ಅದನ್ನು ತೋರಿಸಲೆಂದು ಮುಂದೆ ಬಾಗುತ್ತೇನೆ. ಪುಟ್ಟರಂಗಯ್ಯನವರ ಕೈ ಹಿಡಿಯಿಂದ ಜಾರಿ ತೊಡೆಯ ಮೇಲೆ ಬಿದ್ದಿದೆ. ಸೀಟ್ ಬೆಲ್ಟಿಗೆ ತಲೆ ಒರಗಿದೆ, ಬಾಯಿ ತುಸು ತೆರೆದಿದೆ. ಕಿವಿಗಡಚಿಕ್ಕುವ ಆ ಸದ್ದಿನಲ್ಲೇ ಅವರು ಗಾಢ ನಿದ್ದೆ ಹೋಗಿದ್ದಾರೆ.

ಸ್ವರ್ಣಲತಾ ಒಂದು ಸಲ ಅವರ ಕಡೆ ನೋಡಿ, ಗೇರ್ ಮೇಲೆ ಹಾಕಿ ಸದ್ದು ಇಳಿಸುತ್ತಾರೆ. ನಿಟ್ಟೂರಿನ ತಿರುವು ಬರುತ್ತದೆ. ಗಾಡಿ ನಿಧಾನವಾಗುವುದಿಲ್ಲ. ತಿರುವು ಹಿಂದೆ ಸರಿಯುತ್ತದೆ.

‘ಊರು ಬಂತಲ್ಲ’ ಎನ್ನುತ್ತೇನೆ, ಮೆಲ್ಲಗೆ.

‘ಗೊತ್ತು ಸಾರ್. ಗಾಡಿ ಕೆಲ್ಸ ಮುಗೀತು’ ಎನ್ನುತ್ತಾರೆ ಅವರು, ಇನ್ನೂ ಮೆಲ್ಲಗೆ. ‘ಯಜಮಾನ್ರು ಮಲ್ಗವ್ರೆ. ಇನ್ನೊಂದು ಹತ್ತು ಕಿಲೋಮೀಟ್ರು ಹೋಗ್ಬರೋಣ.’